ಪಕ್ಕದಲ್ಲೇ ಇರೋ ಪ್ರಿಂಟರ್‌ಗೆ ನೆಟ್ ಯಾಕೆ ಬೇಕು?

‘ನೆಟ್ ಇಲ್ಲ ಮಾರಾಯ, ಪ್ರಿಂಟ್ ಬರಲ್ಲ. ಸೋಮವಾರ ಬಾ.’

ಕಳೆದ ಜುಲೈನ ಒಂದು ಶನಿವಾರ ಸಂಜೆ ನಮ್ಮೂರ ಕ್ರಾಸಿನ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದ ಮಾತಿದು. ನಮ್ಮದು ಸಾಗರದ ಕಡೆಯ ಹಳ್ಳಿ. ಮಳೆ ಹಿಡಿದು ಮೂರು ದಿನವಾಗಿತ್ತು. ಎಲ್ಲೋ ಮರ ಬಿದ್ದು ಇಂಟರ್ನೆಟ್ ಕೇಬಲ್ ಹರಿದಿತ್ತು. ಕರೆಂಟ್ ಇಲ್ಲದೆ ಮೊಬೈಲ್ ಟವರ್ ಕೂಡ ಮಲಗಿತ್ತು. ಮರುದಿನ, ಅಂದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿವಮೊಗ್ಗದಲ್ಲಿ ಅಕ್ಕನ ಪರೀಕ್ಷೆ. ಹಾಲ್ ಟಿಕೆಟ್‌ನ ಮುದ್ರಿತ ಪ್ರತಿ ತರದವರಿಗೆ ಪ್ರವೇಶವಿಲ್ಲ ಎಂದು ಅದರಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು. ಮೊದಲ ಬಸ್ಸು ಹಿಡಿದರೂ ಶಿವಮೊಗ್ಗ ತಲುಪುವುದು ಒಂಬತ್ತರ ಮೇಲೆ. ಭಾನುವಾರ ಅಷ್ಟು ಬೇಗ ಯಾವ ಜೆರಾಕ್ಸ್ ಅಂಗಡಿ ಬಾಗಿಲು ತೆಗೆದಿರುತ್ತದೆ?

ಹಾಲ್ ಟಿಕೆಟ್ ಇದ್ದದ್ದು ನನ್ನ ಟ್ಯಾಬ್‌ನಲ್ಲಿ. ಅಕ್ಕನ ಫೋನ್ ರಿಪೇರಿಗೆ ಹೋಗಿದ್ದರಿಂದ, ನೆಟ್ ಇದ್ದ ದಿನವೇ ನಾನು ಡೌನ್‌ಲೋಡ್ ಮಾಡಿಟ್ಟಿದ್ದೆ. ‘ಪ್ರಿಂಟ್ ಏನು, ಕ್ರಾಸಿಗೆ ಹೋದರಾಯಿತು’ ಎಂದವನೂ ನಾನೇ. ಈಗ ಫೈಲ್ ಕೈಯಲ್ಲಿದೆ. ಪ್ರಿಂಟರ್ ಎದುರಿನ ಮೇಜಿನ ಮೇಲಿದೆ. ಇನ್ವರ್ಟರ್ ಇದ್ದುದರಿಂದ ಅದರ ಹಸಿರು ದೀಪವೂ ಉರಿಯುತ್ತಿದೆ. ಎರಡರ ನಡುವೆ ಇರುವುದು ಒಂದು ಮಾರು ದೂರ. ಆದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ನೆಟ್ ಇಲ್ಲ. ಹಾಗಾಗಿ ಪ್ರಿಂಟ್ ಇಲ್ಲ.

ಯುಎಸ್‌ಬಿ ಕೇಬಲ್ ಹಾಕಿ ಅಂಗಡಿಯ ಕಂಪ್ಯೂಟರ್‌ಗೆ ಕಾಪಿ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಿದೆವು. ನಾನು ತಂದಿದ್ದು ಚಾರ್ಜ್ ಮಾತ್ರ ಆಗುವ ಅಗ್ಗದ ಕೇಬಲ್. ಅದರಲ್ಲಿ ಫೈಲ್ ಹೋಗಲಿಲ್ಲ. ಪೆನ್‌ಡ್ರೈವ್ ಚುಚ್ಚಲು ನನ್ನ ಟ್ಯಾಬ್‌ಗೆ ಬೇಕಾದ ಕನೆಕ್ಟರ್ ಅಂಗಡಿಯಲ್ಲಿರಲಿಲ್ಲ. ಅಕ್ಕ ಏನೂ ಮಾತಾಡಲಿಲ್ಲ. ಎರಡು ವರ್ಷ ಓದಿದವಳು, ಕೊಡೆಯಿಂದ ನೀರು ಸೋರಿಸುತ್ತಾ ಬಾಗಿಲಲ್ಲಿ ನಿಂತಿದ್ದಳು. ಆ ಮೌನ ಬೈಗುಳಕ್ಕಿಂತ ಕಷ್ಟ.

ನಾನು ಬಿಇ ಐದನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ಕಂಪ್ಯೂಟರ್ ನೆಟ್‌ವರ್ಕ್ಸ್ ನಮ್ಮ ಪಠ್ಯದ ವಿಷಯ. ಓಎಸ್‌ಐ ಮಾದರಿಯ ಏಳು ಪದರಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೂ ಆ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ‘ನೆಟ್ ಇಲ್ಲ, ಏನು ಮಾಡೋದು’ ಎಂದು ತಲೆ ಕೆರೆದುಕೊಂಡು ನಿಂತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಆಶ್ಚರ್ಯಸೂಚಕ ಚಿಹ್ನೆ ಹೇಳಿದ್ದು

ಸುಮ್ಮನೆ ಟ್ಯಾಬ್ ನೋಡುತ್ತಿದ್ದಾಗ ಮೇಲ್ಗಡೆಯ ವೈಫೈ ಚಿಹ್ನೆ ಕಣ್ಣಿಗೆ ಬಿತ್ತು. ಸಿಗ್ನಲ್ ಪೂರ್ತಿ ಇದೆ, ಪಕ್ಕದಲ್ಲೊಂದು ಆಶ್ಚರ್ಯಸೂಚಕ. ಲಾಕ್‌ಡೌನ್ ಕಾಲದಲ್ಲಿ ಇದೇ ಅಂಗಡಿಯ ಜಗಲಿಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದವನು ನಾನು. ಅಂಗಡಿಯವರು ಪಾಸ್‌ವರ್ಡ್ ಇನ್ನೂ ಬದಲಿಸಿರಲಿಲ್ಲ. ಟ್ಯಾಬ್ ತಾನಾಗಿಯೇ ಅವರ ರೂಟರ್‌ಗೆ ಸೇರಿಕೊಂಡು, ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರುತ್ತೀರಾ?’ ಎಂದು ಕೇಳುತ್ತಿತ್ತು. ಅಲ್ಲಿಗೆ ತಲೆಯಲ್ಲಿ ದೀಪ ಹತ್ತಿತು. ಹರಿದಿರುವುದು ಅಂಗಡಿಯಿಂದ ಹೊರಗೆ ಹೋಗುವ ಕೇಬಲ್. ಅಂಗಡಿಯ ಒಳಗಿನ ವೈಫೈಗೆ ಏನಾಗಿದೆ? ಏನೂ ಆಗಿಲ್ಲ.

‘ಪ್ರಿಂಟರ್‌ಗೂ ವೈಫೈ ಇದೆಯಾ?’ ಎಂದು ಕೇಳಿದೆ. ‘ಇಲಿ ಕೇಬಲ್ ಕಡಿದ ಮೇಲೆ ಲ್ಯಾಪ್‌ಟಾಪಿಂದ ವೈಫೈನಲ್ಲೇ ಕೊಡ್ತಿರೋದು’ ಎಂದರು. ಟ್ಯಾಬ್‌ಗೆ ‘ಹೌದು, ಇರುತ್ತೇನೆ’ ಎಂದೆ. ಮೊಬೈಲ್ ಡೇಟಾ ಆಫ್ ಮಾಡಿದೆ. ಪಿಡಿಎಫ್ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ‘ಪ್ರಿಂಟ್’ ಆರಿಸಿದೆ. ಕೆಲವು ಸೆಕೆಂಡ್ ‘ಹುಡುಕುತ್ತಿದೆ’ ಎಂದಿತು. ಆಮೇಲೆ ಪ್ರಿಂಟರ್‌ನ ಹೆಸರು ಪಟ್ಟಿಯಲ್ಲಿ ಕಾಣಿಸಿತು. ಒತ್ತಿದೆ. ಯಂತ್ರ ಗರಗರ ಸದ್ದು ಮಾಡಿ ಅಕ್ಕನ ಹಾಲ್ ಟಿಕೆಟನ್ನು ಹೊರಗೆ ತಳ್ಳಿತು. ಅಂಗಡಿಯವರು ಹಾಳೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ‘ನೆಟ್ ಬಂತಾ?’ ಎಂದು ಕೇಳಿದರು.

ನೆಟ್ ಬಂದಿರಲಿಲ್ಲ. ಬಂದದ್ದು ಸೋಮವಾರ ಮಧ್ಯಾಹ್ನ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ನಮ್ಮಂಥವರಿಗೇ ಹೇಳಿದ್ದು. ಆದರೆ ಇದು ನನ್ನೊಬ್ಬನ ದಡ್ಡತನವೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ಗೆಳೆಯರನ್ನು ಕೇಳಿದೆ: ‘ಇಂಟರ್ನೆಟ್ ಇಲ್ಲದೆ ಟ್ಯಾಬ್‌ನಿಂದ ವೈಫೈ ಪ್ರಿಂಟ್ ಆಗುತ್ತಾ?’ ಹೆಚ್ಚಿನವರು ‘ಹೇಗಾಗುತ್ತೆ?’ ಎಂದರು. ನಾವೆಲ್ಲ ವೈಫೈ ಅಂದರೇ ಇಂಟರ್ನೆಟ್ ಎಂದುಕೊಂಡುಬಿಟ್ಟಿದ್ದೇವೆ. ವೈಫೈ ಎನ್ನುವುದು ಮನೆಯೊಳಗಿನ ಜಗಲಿ ಇದ್ದ ಹಾಗೆ, ಇಂಟರ್ನೆಟ್ ಎನ್ನುವುದು ಹೊರಗಿನ ಹೆದ್ದಾರಿ. ಹೆದ್ದಾರಿ ಬಂದ್ ಆದರೆ ಜಗಲಿಯಿಂದ ಅಡುಗೆಮನೆಗೆ ಹೋಗಬಾರದೆಂದು ಯಾರೂ ಹೇಳಿಲ್ಲ.

ಕೋಣೆಯೊಳಗಿನ ಮಾತುಕತೆ

ಹಾಗಾದರೆ ಟ್ಯಾಬ್‌ಗೆ ಪ್ರಿಂಟರ್ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ವೆಬ್‌ಸೈಟ್ ತೆರೆಯುವಾಗ ಹೆಸರಿನಿಂದ ವಿಳಾಸ ಹುಡುಕಿಕೊಡಲು ಎಲ್ಲೋ ದೂರದಲ್ಲಿ ಡಿಎನ್‌ಎಸ್ ಸರ್ವರ್ ಇರುತ್ತದೆ. ಒಂದೇ ಕೋಣೆಯ ಸಾಧನಗಳಿಗೆ ಅದು ಬೇಕಿಲ್ಲ. ಮಲ್ಟಿಕಾಸ್ಟ್ ಡಿಎನ್‌ಎಸ್ ಎಂಬ ವ್ಯವಸ್ಥೆಯಿದೆ. ಟ್ಯಾಬ್ ಇಡೀ ನೆಟ್‌ವರ್ಕ್‌ಗೆ ಕೇಳಿಸುವಂತೆ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ಕೂಗುತ್ತದೆ. ಹಾಜರಿ ಕರೆದಾಗ ನಾವು ‘ಪ್ರೆಸೆಂಟ್ ಸರ್’ ಎನ್ನುವಂತೆ ಪ್ರಿಂಟರ್ ತನ್ನ ಹೆಸರು, ವಿಳಾಸ, ಬಣ್ಣದಲ್ಲಿ ಮುದ್ರಿಸಬಲ್ಲೆನೋ ಇಲ್ಲವೋ ಎಂಬುದನ್ನೆಲ್ಲ ಹೇಳುತ್ತದೆ. ಆ ವಿಳಾಸವೂ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಖಾಸಗಿ ವಿಳಾಸ. ರೂಟರ್ ತಾನೇ ಹಂಚಿದ್ದು. ಹೊರಜಗತ್ತಿಗೆ ಅದರ ಗೊಡವೆಯೇ ಇಲ್ಲ. ನಂತರದ ಮಾತುಕತೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್ ಎಂಬ ಭಾಷೆಯಲ್ಲಿ ನಡೆಯುತ್ತದೆ. 1999ರಲ್ಲಿ ಪ್ರಕಟವಾದ ಈ ಭಾಷೆಯ ಹೆಸರಲ್ಲೇ ಇಂಟರ್ನೆಟ್ ಇದ್ದರೂ ಅದು ನಡೆಯಲು ಇಂಟರ್ನೆಟ್ ಬೇಕಿಲ್ಲ. ನನ್ನಂಥವರು ಗೊಂದಲವಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಇದೇನೂ ಹೊಸ ತಂತ್ರಜ್ಞಾನವಲ್ಲ. 1985ರಲ್ಲಿ ಆ್ಯಪಲ್ ಕಂಪನಿ ಲೇಸರ್‌ರೈಟರ್ ಎಂಬ ಪ್ರಿಂಟರ್ ತಂದಾಗಲೇ ಒಂದೇ ಕಚೇರಿಯ ಹಲವು ಮ್ಯಾಕಿಂಟಾಷ್ ಕಂಪ್ಯೂಟರ್‌ಗಳು ತಂತಿ ಮೂಲಕ ಅದನ್ನು ಹಂಚಿಕೊಳ್ಳಬಹುದಿತ್ತು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಅಂದರೆ ಹಂಚಿಕೊಂಡು ಮುದ್ರಿಸುವುದು ನಮ್ಮ ಇಂಟರ್ನೆಟ್‌ಗಿಂತ ಹತ್ತು ವರ್ಷ ಹಳೆಯದು. 2010ರ ನವೆಂಬರ್‌ನಲ್ಲಿ ಐಪ್ಯಾಡ್, ಐಫೋನ್‌ಗಳಿಗೆ ಏರ್‌ಪ್ರಿಂಟ್ ಬಂತು. ಆಂಡ್ರಾಯ್ಡ್‌ನಲ್ಲಿ ಪ್ರಿಂಟ್ ಸೌಲಭ್ಯಕ್ಕೆ ಅಡಿಪಾಯ ಬಿದ್ದಿದ್ದು 2013ರ ಕಿಟ್‌ಕ್ಯಾಟ್ ಆವೃತ್ತಿಯಲ್ಲಿ. 2017ರ ಓರಿಯೊದಿಂದೀಚೆಗೆ ಬೇರೆ ಆ್ಯಪ್ ಹಾಕದೆಯೇ ಅನೇಕ ವೈಫೈ ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಡುವ ಸೇವೆ ಅದರೊಳಗೇ ಇದೆ. ನಮ್ಮ ಕೈಯಲ್ಲಿರುವ ಟ್ಯಾಬ್‌ಗಳಿಗೆ ಈ ವಿದ್ಯೆ ಮೊದಲೇ ಗೊತ್ತಿದೆ. ಗೊತ್ತಿಲ್ಲದಿರುವುದು ನಮಗೆ.

ಇನ್ನೊಂದು ಪ್ರಸಂಗವನ್ನೂ ನೆನಪಿಡಬೇಕು. 2010ರಲ್ಲಿ ಗೂಗಲ್ ಕಂಪನಿ ಕ್ಲೌಡ್ ಪ್ರಿಂಟ್ ಎಂಬ ಸೇವೆ ಶುರುಮಾಡಿತು. ಪ್ರಪಂಚದ ಯಾವ ಮೂಲೆಯಿಂದಲಾದರೂ ಪ್ರಿಂಟ್ ಕೊಡಬಹುದಿತ್ತು. ಫೈಲ್ ಗೂಗಲ್‌ನ ಸರ್ವರ್‌ಗೆ ಹೋಗಿ, ಅಲ್ಲಿಂದ ಪ್ರಿಂಟರ್‌ಗೆ ಬರುತ್ತಿತ್ತು. ಅನುಕೂಲವೇನೋ ಹೌದು. ಆದರೆ 2020ರ ಡಿಸೆಂಬರ್ 31ರಂದು ಆ ಸೇವೆಯನ್ನು ಮುಚ್ಚಿದರು. ಪ್ರಿಂಟರ್ ಕೆಟ್ಟಿರಲಿಲ್ಲ, ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದನ್ನೇ ನೆಚ್ಚಿಕೊಂಡವರು ಮಾತ್ರ ಬೇರೆ ದಾರಿ ಹುಡುಕಬೇಕಾಯಿತು. ಈಗ ಖಾತೆ ತೆರೆಯದೆ, ಇಂಟರ್ನೆಟ್ ಜೋಡಿಸದೆ ಕೆಲಸ ಮಾಡದ ಪ್ರಿಂಟರ್ ಮಾದರಿಗಳೂ ಮಾರುಕಟ್ಟೆಗೆ ಬಂದಿವೆ. ನಮ್ಮ ದುಡ್ಡಿನಲ್ಲಿ ಕೊಂಡು ನಮ್ಮ ಮೇಜಿನ ಮೇಲಿಟ್ಟ ಯಂತ್ರ, ನಮ್ಮ ಹಾಳೆ ಮುದ್ರಿಸಲು ಬೇರೆ ದೇಶದ ಸರ್ವರ್‌ನ ಅಪ್ಪಣೆ ಕೇಳಬೇಕೇ? ನನಗಂತೂ ಇದು ಸರಿ ಕಾಣುವುದಿಲ್ಲ.

ನಮ್ಮ ಆಧಾರ್ ಯಾರ ಫೋಲ್ಡರ್‌ನಲ್ಲಿದೆ?

ಮಳೆ, ಕರೆಂಟು, ಕೇಬಲ್ ಎಲ್ಲ ಮಲೆನಾಡಿನವರ ಗೋಳು, ನಮ್ಮೂರಲ್ಲಿ ನೆಟ್ ಚೆನ್ನಾಗಿದೆ ಎನ್ನುವ ಗೆಳೆಯರಿಗೆ ಇನ್ನೊಂದು ಮಾತು. ನಮ್ಮ ಕಾಲೇಜಿನ ಎದುರು ಒಂದು ಜೆರಾಕ್ಸ್ ಅಂಗಡಿಯಿದೆ. ಗೋಡೆಯ ಮೇಲೆ ವಾಟ್ಸ್ಆ್ಯಪ್ ನಂಬರ್ ಬರೆದಿದೆ. ನಾವೆಲ್ಲ ಅದಕ್ಕೆ ಫೈಲ್ ಕಳಿಸುತ್ತೇವೆ. ಒಮ್ಮೆ ನನ್ನ ಲ್ಯಾಬ್ ರೆಕಾರ್ಡ್ ಸಿಗದೆ, ‘ನೀನೇ ಹುಡುಕ್ಕೋ’ ಎಂದು ಮೌಸ್ ನನ್ನ ಕೈಗೇ ಕೊಟ್ಟರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರಿನ ಜಾತಕವೆಲ್ಲ ಅಲ್ಲೇ ಇತ್ತು. ಯಾರದ್ದೋ ಮಾರ್ಕ್ಸ್ ಕಾರ್ಡ್, ಯಾರದ್ದೋ ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ, ರಕ್ತಪರೀಕ್ಷೆಯ ವರದಿ, ಸಾಲುಸಾಲು ಆಧಾರ್ ಕಾರ್ಡುಗಳು.

ಅಂಗಡಿಯವರು ಕೆಟ್ಟವರಲ್ಲ. ದಿನಕ್ಕೆ ನೂರಾರು ಫೈಲ್ ಬರುವಾಗ ಒಂದೊಂದನ್ನೂ ಅಳಿಸುತ್ತಾ ಕೂರಲು ಅವರಿಗೆ ಸಮಯವಿಲ್ಲ, ಅಷ್ಟೇ. ಆದರೆ ಆ ಮೌಸ್ ನನ್ನ ಕೈಗೆ ಬಂದಂತೆ ಯಾರ ಕೈಗಾದರೂ ಹೋಗಬಹುದಲ್ಲ? ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ ಎಂದು ಸಮಾಧಾನಪಡಬೇಡಿ. ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅಂಗಡಿಯಲ್ಲಿ ಅದನ್ನು ನಾವೇ ಎಲ್ಲರೆದುರು ಕೂಗಿ ಹೇಳುತ್ತೇವೆ. ಕೆಲಸ ಹುಡುಕುತ್ತಿರುವವರಂತೂ ಪ್ರತಿ ಅರ್ಜಿಗೆ, ಪ್ರತಿ ಸಂದರ್ಶನಕ್ಕೆ ಹೀಗೆ ತಮ್ಮ ಪೂರ್ತಿ ಜೀವನಚರಿತ್ರೆಯನ್ನು ಒಂದೊಂದು ಅಂಗಡಿಯಲ್ಲಿ ಬಿಟ್ಟು ಬರುತ್ತಾರೆ.

ವಾಟ್ಸ್ಆ್ಯಪ್ ದಾರಿಯಲ್ಲಿ ಫೈಲ್ ಯಾರಿಗೂ ಕಾಣದಂತೆ ಗೂಢಲಿಪಿಯಲ್ಲಿ ಸಾಗುತ್ತದೆ, ನಿಜ. ಸಮಸ್ಯೆ ದಾರಿಯದ್ದಲ್ಲ, ತಲುಪಿದ ಜಾಗದ್ದು. ಟ್ಯಾಬ್‌ನಿಂದ ನೇರವಾಗಿ ಪ್ರಿಂಟರ್‌ಗೆ ಕೊಟ್ಟರೆ ಫೈಲ್ ನನ್ನ ಬಳಿಯೇ ಉಳಿಯುತ್ತದೆ, ಪಾಸ್‌ವರ್ಡನ್ನು ನನ್ನ ಟ್ಯಾಬ್‌ನಲ್ಲೇ ಹಾಕುತ್ತೇನೆ. ಪ್ರಿಂಟರ್‌ಗೆ ಹೋಗುವುದು ಆ ಪುಟ ಮುದ್ರಿಸಲು ಬೇಕಾದ ಮಾಹಿತಿ ಮಾತ್ರ. ಕೆಲವು ದೊಡ್ಡ ಪ್ರಿಂಟರ್‌ಗಳು ಅದನ್ನೂ ನೆನಪಿಟ್ಟುಕೊಳ್ಳುತ್ತವೆ, ಹಾಗಾಗಿ ಇದು ನೂರಕ್ಕೆ ನೂರು ಸುರಕ್ಷಿತ ಎನ್ನಲಾರೆ. ಆದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುವುದಕ್ಕಿಂತ ಎಷ್ಟೋ ವಾಸಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಲಾಭವೂ ಇದೆ. ನುಡಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಏನಾಗುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು. ಕನ್ನಡ ಮಾಯವಾಗಿ ವಿಚಿತ್ರ ಚಿಹ್ನೆಗಳು ಕುಣಿಯುತ್ತವೆ. ನಮ್ಮ ಟ್ಯಾಬ್‌ನಲ್ಲಿ ಸರಿಯಾಗಿ ಕಾಣುತ್ತಿರುವ ಪುಟವನ್ನು ಅಲ್ಲಿಂದಲೇ ಪ್ರಿಂಟ್ ಕೊಟ್ಟರೆ ಒತ್ತಕ್ಷರ ಸಹಿತ ಕಂಡಂತೆಯೇ ಬರುತ್ತದೆ.

ಹಾಸ್ಟೆಲ್ ಕೋಣೆಯ ಪ್ರಯೋಗ

ಊರಿಂದ ಬಂದ ಮೇಲೆ ನಾವು ನಾಲ್ವರು ಹಾಸ್ಟೆಲ್‌ನಲ್ಲಿ ಇದನ್ನು ಮಾಡಿ ನೋಡಿದೆವು. ಸೀನಿಯರ್ ಒಬ್ಬರು ಬಿಟ್ಟುಹೋದ ಪ್ರಿಂಟರ್ ಇತ್ತು. ಅದಕ್ಕೆ ವೈಫೈ ಇಲ್ಲ, ಯುಎಸ್‌ಬಿ ಮಾತ್ರ. ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಕಪ್ಸ್ ಎಂಬ ಉಚಿತ ತಂತ್ರಾಂಶದಿಂದ ಪ್ರಿಂಟರನ್ನು ಹಂಚಿದೆವು. ಯಾರದ್ದೋ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ರೂಟರ್ ತಂದೆವು. ಅದಕ್ಕೆ ಇಂಟರ್ನೆಟ್ ತಂತಿಯನ್ನೇ ಜೋಡಿಸಲಿಲ್ಲ. ಮೊದಲ ದಿನ ತಪ್ಪು ಡ್ರೈವರ್ ಹಾಕಿ ಹನ್ನೊಂದು ಹಾಳೆ ತುಂಬ ಅರ್ಥವಿಲ್ಲದ ಅಕ್ಷರಗಳು ಬಂದವು. ಎರಡನೇ ದಿನ ಆಂಡ್ರಾಯ್ಡ್ ಟ್ಯಾಬ್, ಗೆಳೆಯನ ಐಪ್ಯಾಡ್ ಎರಡರಿಂದಲೂ ಪ್ರಿಂಟ್ ಬಂತು. ರೂಪಾಯಿ ಖರ್ಚಿಲ್ಲ, ಹಾಳೆ ಮತ್ತು ಶಾಯಿ ಬಿಟ್ಟು.

ಎಡವಿದ ಜಾಗಗಳನ್ನೂ ಹೇಳಿಬಿಡುತ್ತೇನೆ, ನಿಮಗೆ ಸಮಯ ಉಳಿಯುತ್ತದೆ. ಇಂಟರ್ನೆಟ್ ಇಲ್ಲದ ವೈಫೈಯನ್ನು ಫೋನ್, ಟ್ಯಾಬ್‌ಗಳು ಬಿಟ್ಟು ಓಡಿಹೋಗುತ್ತವೆ. ಹಾಗಾಗಿ ‘ಇರುತ್ತೇನೆ’ ಎಂದು ಹೇಳಿ, ಮೊಬೈಲ್ ಡೇಟಾ ಆಫ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ. ಅನೇಕ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ರೂಟರ್‌ನಲ್ಲಿ ಅದು ಚಾಲೂ ಇರಲಿ. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟಿಂಗ್’ ಎಂದು ಹುಡುಕಿ, ಸೇವೆ ಆನ್ ಇದೆಯೇ ನೋಡಿ. ರೂಟರ್ ಇಲ್ಲದಿದ್ದರೆ ವೈಫೈ ಡೈರೆಕ್ಟ್ ಇರುವ ಪ್ರಿಂಟರ್ ತಾನೇ ಒಂದು ಪುಟ್ಟ ನೆಟ್‌ವರ್ಕ್ ಹರಡುತ್ತದೆ, ಟ್ಯಾಬ್ ಅದಕ್ಕೆ ನೇರ ಸೇರಬಹುದು. ಕಾಲೇಜು, ಹೋಟೆಲ್‌ಗಳ ವೈಫೈನಲ್ಲಿ ಒಬ್ಬರ ಸಾಧನ ಇನ್ನೊಬ್ಬರದ್ದಕ್ಕೆ ಕಾಣದಂತೆ ಬೇಕೆಂದೇ ತಡೆ ಹಾಕಿರುತ್ತಾರೆ. ಅಲ್ಲಿ ಪ್ರಿಂಟರ್ ಪಕ್ಕದಲ್ಲೇ ಇದ್ದರೂ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನೆಲ್ಲ ನೆಟ್ ಇರುವ ದಿನವೇ ಒಮ್ಮೆ ಮಾಡಿ ನೋಡಿ. ಮಳೆ ಬಂದ ಮೇಲೆ ಕೊಡೆ ಹೊಲಿಸಲು ಹೋಗಬಾರದು.

ಇದಕ್ಕೆ ಎದುರು ಮಾತು ಇಲ್ಲವೆಂದಲ್ಲ. ‘ಕಂಡಕಂಡವರಿಗೆ ವೈಫೈ ಕೊಟ್ಟರೆ ನನ್ನ ಕಂಪ್ಯೂಟರ್‌ಗೆ ಕೈ ಹಾಕುತ್ತಾರೆ’ ಎಂದು ಅಂಗಡಿಯವರು ಹೆದರುವುದು ನ್ಯಾಯವೇ. ಅದಕ್ಕೆ ಪ್ರಿಂಟರ್ ಮಾತ್ರ ಇರುವ ಬೇರೆ ರೂಟರ್, ಆಗಾಗ ಬದಲಾಗುವ ಪಾಸ್‌ವರ್ಡ್ ಸಾಕು. ಇಂಟರ್ನೆಟ್ ಇಲ್ಲದ ವೈಫೈ ಆದ್ದರಿಂದ ಯಾರೂ ಜಗಲಿಯಲ್ಲಿ ಕೂತು ರೀಲ್ಸ್ ನೋಡುವುದಿಲ್ಲ. ‘ದುಡ್ಡು ಕೊಡದೆ ನೂರು ಪುಟ ಒತ್ತಿಬಿಟ್ಟರೆ?’ ಎಂದರೆ, ಕಪ್ಸ್‌ನಂಥ ತಂತ್ರಾಂಶದಲ್ಲಿ ಬಂದ ಪ್ರಿಂಟನ್ನು ತಡೆಹಿಡಿದು, ದುಡ್ಡು ಪಡೆದ ಮೇಲೆ ಬಿಡುವ ವ್ಯವಸ್ಥೆಯಿದೆ. ವಾಟ್ಸ್ಆ್ಯಪ್ ಬೇಕೆನ್ನುವ ಗಿರಾಕಿಗೆ ವಾಟ್ಸ್ಆ್ಯಪ್ ಇದ್ದೇ ಇರಲಿ. ಎರಡನೇ ಬಾಗಿಲೊಂದು ತೆರೆದಿರಲಿ ಎಂಬುದಷ್ಟೇ ನನ್ನ ಮಾತು.

ನಾನು ಇಂಟರ್ನೆಟ್‌ನ ವಿರೋಧಿಯಲ್ಲ. ನಮ್ಮೂರಿಗೆ ಒಳ್ಳೆಯ ನೆಟ್ ಬೇಕೇ ಬೇಕು, ಅದಕ್ಕಾಗಿ ಮನವಿ ಕೊಟ್ಟವರಲ್ಲಿ ನಮ್ಮಪ್ಪನೂ ಒಬ್ಬರು. ಆದರೆ ನೆಟ್ ಬರುವ ತನಕ ಎಲ್ಲವೂ ನಿಂತಿರಬೇಕು ಎನ್ನುವುದನ್ನು ಒಪ್ಪಲಾರೆ. ದೂರದವರೊಡನೆ ಮಾತಾಡಲು ಇಂಟರ್ನೆಟ್ ಬೇಕು. ಪಕ್ಕದವರೊಡನೆ ಮಾತಾಡಲು ಬೇಡ. ಕಂಪ್ಯೂಟರ್ ಸೈನ್ಸ್ ಓದುವ ನಾವು ಕೃತಕ ಬುದ್ಧಿಮತ್ತೆ, ಕ್ಲೌಡ್ ಎಂದು ಮೋಡದಲ್ಲೇ ತೇಲುತ್ತಿದ್ದೇವೆ. ಕಾಲಬುಡದ ಈ ಸಣ್ಣ ಸಂಗತಿ ಮರೆತಿದ್ದೇವೆ. ಪ್ರತಿವರ್ಷ ಸಾವಿರಾರು ಮಿನಿ ಪ್ರಾಜೆಕ್ಟ್‌ಗಳು ಮೌಲ್ಯಮಾಪನ ಮುಗಿದ ಮೇಲೆ ಕಪಾಟು ಸೇರುತ್ತವೆ. ಅವುಗಳಲ್ಲಿ ಒಂದಾದರೂ ಊರಿನ ಗ್ರಂಥಾಲಯಕ್ಕೋ ಸರ್ಕಾರಿ ಪಿಯು ಕಾಲೇಜಿಗೋ ಇಂಥ ಪ್ರಿಂಟರ್ ಜೋಡಿಸಿಕೊಡುವುದಾದರೆ ಬೇಡವೇ? ಹಳೆಯ ಲ್ಯಾಪ್‌ಟಾಪ್, ಹಳೆಯ ರೂಟರ್, ಎರಡು ದಿನದ ಕೆಲಸ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮನೆಯದ್ದೋ ಪಿಜಿಯದ್ದೋ ರೂಟರ್‌ನ ಹಿಂದಿರುವ ಇಂಟರ್ನೆಟ್ ತಂತಿಯನ್ನು, ಉಳಿದವರನ್ನು ಕೇಳಿ, ಹತ್ತು ನಿಮಿಷ ಕಿತ್ತಿಡಿ. ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ ನೋಡಿ. ನಿಂತವುಗಳಲ್ಲಿ ನಿಜಕ್ಕೂ ನಿಲ್ಲಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕಿ.

ಅಕ್ಕ ಭಾನುವಾರ ಪರೀಕ್ಷೆ ಬರೆದಳು. ಫಲಿತಾಂಶ ಇನ್ನೂ ಬಂದಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಕ್ರಾಸಿನ ಅಂಗಡಿಯ ಗೋಡೆಯ ಮೇಲೆ ಹೊಸ ಹಾಳೆಯೊಂದು ಅಂಟಿತ್ತು. ವೈಫೈ ಹೆಸರು, ಪಾಸ್‌ವರ್ಡ್, ಅದರ ಕೆಳಗೆ ಕೈಬರಹದಲ್ಲಿ: ‘ನೆಟ್ ಇಲ್ಲದಿದ್ದರೂ ಪ್ರಿಂಟ್ ಸಿಗುತ್ತದೆ.’ ಪಾಸ್‌ವರ್ಡ್ ಮಾತ್ರ ಲಾಕ್‌ಡೌನ್ ಕಾಲದ್ದೇ. ಬದಲಿಸಿ ಎಂದು ಹೇಳಿ ಬಂದಿದ್ದೇನೆ.